ಕೊರಡೇ ಮನೆ, ಕೊರಡೇ ಊಟ

ಪತಂಗ ಎಂದೊಡನೆ ನಮಗೆಲ್ಲ ನೆನಪಾಗುವುದು ದೀಪ. ಊರಿನಲ್ಲಿ ಸಂಜೆ ಜಗಲಿಯ ಬಲ್ಬಿನ ಸುತ್ತ ಗಿರಕಿ ಹೊಡೆಯುವ ಹಾತೆಗಳು, ಬೆಳಿಗ್ಗೆ ಎದ್ದರೆ ಗೋಡೆಗೆ ಅಂಟಿಕೊಂಡು ಕೂತ ಬೂದು ಬಣ್ಣದ ಒಂದೆರಡು. ಕವಿಗಳಿಗೂ ಪತಂಗ ಬೇಕಾದದ್ದು ದೀಪಕ್ಕೆ ಬಿದ್ದು ಸಾಯುವುದಕ್ಕೆ ಮಾತ್ರ! ಆದರೆ ದೀಪದ ಬಳಿಯ ಈ ಕುಣಿತ ಅದರ ಬಾಳಿನ ಕೊನೆಯ ಕೆಲವು ದಿನಗಳ ಸಂಗತಿ. ಅದಕ್ಕೂ ಮುಂಚೆ ವಾರಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ, ಅದು ಹುಳುವಾಗಿ ಎಲ್ಲೋ ಏನನ್ನೋ ತಿನ್ನುತ್ತಾ ಇತ್ತು. ಏನನ್ನು ಎಂದು ಮಕ್ಕಳನ್ನು ಕೇಳಿದರೆ ‘ಎಲೆ’ ಎನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿ ಇರುವುದೂ ಅಷ್ಟೆ.

ಎಲೆಯ ಗೊಡವೆಗೇ ಹೋಗದೆ, ಸತ್ತು ಲಡ್ಡಾದ ಮರದೊಳಗೆ ಬೆಳೆಯುವ ಪತಂಗಗಳೂ ಇವೆ. ಅಂಥದೊಂದು ನಾವು ಮನೆ ಮಾಡಿಕೊಂಡಿರುವ ಟೆಕ್ಸಾಸಿನಲ್ಲೇ ಇದೆ. ಅದರ ಶಾಸ್ತ್ರೀಯ ಹೆಸರು ಸ್ಕೋಲೆಕೋಕ್ಯಾಂಪ ಲಿಬರ್ನ. ಇಂಗ್ಲಿಷಿನಲ್ಲಿ ಡೆಡ್‌ವುಡ್ ಬೋರರ್ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲದ ಕಾರಣ ಈ ಲೇಖನದ ಮಟ್ಟಿಗೆ ನಾನು ‘ಕೊರಡು ಪತಂಗ’ ಎಂದು ನಾಮಕರಣ ಮಾಡಿದ್ದೇನೆ. ಇದಕ್ಕಿಂತ ಚೆನ್ನಾದ ಹೆಸರು ಹೊಳೆದವರು ದಯವಿಟ್ಟು ತಿಳಿಸಿ.

ನೋಡಲು ಬೆಡಗಿನ ಪ್ರಾಣಿಯೇನಲ್ಲ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಒಂದೂವರೆ ಇಂಚಿನ ಆಸುಪಾಸು, ಅಂದರೆ 35ರಿಂದ 44 ಮಿಲಿಮೀಟರ್. ಒಣಹುಲ್ಲಿನ ಬಣ್ಣ. ಮುಂದಿನ ರೆಕ್ಕೆಯ ನಡುವೆ ಕಪ್ಪನೆಯ ಒಂದು ಮಚ್ಚೆ, ಅಂಚಿನಲ್ಲಿ ಸಾಲಾಗಿ ಸಣ್ಣ ಚುಕ್ಕೆಗಳು. ಒಣಗಿದ ಎಲೆಗಳ ಮೇಲೆ ಕೂತರೆ ಎದುರಿಗಿದ್ದರೂ ಕಾಣುವುದಿಲ್ಲ. ಅದಕ್ಕೆ ಹೆಸರು ಬಂದದ್ದು 1837ರಲ್ಲಿ. ಜರ್ಮನಿಯ ಆಗ್ಸ್‌ಬರ್ಗ್ ಊರಿನ ಯಾಕೊಬ್ ಹ್ಯೂಬ್ನರ್ ಎಂಬಾತ ಜಗತ್ತಿನ ಚಿಟ್ಟೆ–ಪತಂಗಗಳ ಚಿತ್ರಗಳನ್ನು ಅಚ್ಚು ಹಾಕಿಸುತ್ತಾ ಇದ್ದ. ಅವನು 1826ರಲ್ಲಿ ತೀರಿಕೊಂಡ ಮೇಲೆ ಕಾರ್ಲ್ ಗೆಯರ್ ಎಂಬವನು ಆ ಕೆಲಸ ಮುಂದುವರಿಸಿದ. ನಮ್ಮ ಪತಂಗಕ್ಕೆ ಹೆಸರಿಟ್ಟವನು ಈ ಗೆಯರ್. ಅದೇ 1837ರಲ್ಲಿ ಹ್ಯೂಸ್ಟನ್ ಅಧಿಕೃತವಾಗಿ ನಗರವಾಯಿತು. ಆಗ ಆಸ್ಟಿನ್ ಆಗಲಿ ಡಲ್ಲಾಸ್ ಆಗಲಿ ಹುಟ್ಟಿಯೇ ಇರಲಿಲ್ಲ. ಸ್ಕೋಲೆಕ್ಸ್ ಎಂದರೆ ಗ್ರೀಕಿನಲ್ಲಿ ಹುಳು, ಕಾಂಪೆ ಎಂದರೆ ಪತಂಗದ ಮರಿಹುಳು. ಎರಡನ್ನೂ ಸೇರಿಸಿದರೆ ‘ನಡು ಸೆಂಟರ್’ ಎಂದ ಹಾಗಾಯಿತು.

ಕನ್ನಡದಲ್ಲಿ ನಾವು ಎಲ್ಲ ಮರಿಹುಳುಗಳನ್ನೂ ಒಟ್ಟಿಗೆ ಕಂಬಳಿಹುಳ ಎಂದುಬಿಡುತ್ತೇವೆ. ಇದಕ್ಕೆ ಕಂಬಳಿ ಇಲ್ಲ. ಮರದೊಳಗಿನ ಸುರಂಗದಲ್ಲಿ ಕತ್ತಲಲ್ಲಿ ಇರುವ ಹುಳುವಿಗೆ ಹಕ್ಕಿಯನ್ನು ಹೆದರಿಸುವ ಬಣ್ಣವೂ ಬೇಡ, ಚುಚ್ಚುವ ಕೂದಲೂ ಬೇಡ. ಸುತ್ತಲಿನ ಮರವೇ ಅದರ ಕಂಬಳಿ. ಓಕ್, ಹಿಕರಿ, ಚೆಸ್ಟ್‌ನಟ್, ಟ್ಯುಲಿಪ್ ಮರ, ಹೀಗೆ ಅಗಲ ಎಲೆಯ ಹಲವು ಮರಗಳ ಬಿದ್ದ ದಿಮ್ಮಿಗಳಲ್ಲಿ ಇದನ್ನು ಕಂಡವರಿದ್ದಾರೆ. ನಾವು ಚಳಿಗಾಲದಲ್ಲಿ ಆಯ್ದು ತರುವ ಪೆಕಾನ್ ಕೂಡ ಹಿಕರಿಯ ಕುಲದ್ದೇ ಮರ ಎಂಬುದು ನೆನಪಿರಲಿ.

ಇಷ್ಟು ಬಗೆಯ ಮರ ಒಂದೇ ಹುಳುವಿಗೆ ಹೇಗೆ ಒಗ್ಗುತ್ತದೆ? ನಮ್ಮ ರಾಮನಗರದ ರೇಷ್ಮೆಹುಳುವನ್ನು ನೋಡಿ. ಹಿಪ್ಪುನೇರಳೆ ಸೊಪ್ಪು ಬಿಟ್ಟರೆ ಬೇರೆ ಕೊಟ್ಟರೆ ಉಪವಾಸ ಬೀಳುತ್ತದೆ. ಮಕ್ಕಳ ಶಾಲೆಯಲ್ಲಿ ಸಾಕುವ ಮೊನಾರ್ಕ್ ಚಿಟ್ಟೆಯ ಮರಿಗೂ ಮಿಲ್ಕ್‌ವೀಡ್ ಒಂದೇ ಆಗಬೇಕು. ಬದುಕಿರುವ ಪ್ರತಿ ಗಿಡವೂ ತನ್ನ ಎಲೆಯಲ್ಲಿ ತನ್ನದೇ ವಿಷ, ಕಹಿ, ಹಾಲು ತುಂಬಿಕೊಂಡು ಹುಳುಗಳನ್ನು ತಡೆಯುತ್ತದೆ. ಅದನ್ನು ಜೀರ್ಣಿಸಿಕೊಳ್ಳಲು ಕಲಿತ ಹುಳು ಆ ಒಂದೇ ಗಿಡಕ್ಕೆ ಕಟ್ಟುಬೀಳುತ್ತದೆ. ಮರ ಸತ್ತ ಮೇಲೆ ಈ ಕಾವಲು ಬರಬರುತ್ತಾ ಸಡಿಲವಾಗುತ್ತದೆ. ಶಿಲೀಂಧ್ರಗಳು, ಅಂದರೆ ಅಣಬೆಯ ಕುಲದವು, ಒಳಹೊಕ್ಕು ಎಲ್ಲವನ್ನೂ ಬದಲಾಯಿಸುತ್ತವೆ. ಎರಡು ಮೂರು ವರ್ಷ ನೆನೆದು ಕೊಳೆತ ಓಕ್ ಮತ್ತು ಹಿಕರಿಯ ನಡುವೆ, ಅವು ಹಸಿರಾಗಿದ್ದಾಗಿನಷ್ಟು ವ್ಯತ್ಯಾಸ ಉಳಿದಿರುವುದಿಲ್ಲ.

ಇದರ ಲಾಭ ಏನು ಎಂಬುದಕ್ಕೆ ಚೆಸ್ಟ್‌ನಟ್ ಮರದ ಕಥೆ ಸಾಕ್ಷಿ. ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಈ ಮರ ಕೋಟಿಗಟ್ಟಲೆ ಇತ್ತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ಒಂದು ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ಆ ಮರವನ್ನು ಕಾಡಿನಿಂದ ಹೆಚ್ಚುಕಡಿಮೆ ಅಳಿಸಿಹಾಕಿತು. ಚೆಸ್ಟ್‌ನಟ್ಟನ್ನೇ ನೆಚ್ಚಿಕೊಂಡ ಕೀಟಗಳ ಗತಿ ಊಹಿಸಿಕೊಳ್ಳಿ. ಕೊರಡು ಪತಂಗಕ್ಕೆ ಓಕ್ ಇತ್ತು, ಹಿಕರಿ ಇತ್ತು. ಅದು ಉಳಿಯಿತು.

ಊಟವೇನೋ ಸಿಕ್ಕಿತು, ಆದರೆ ಬಲು ಬಡ ಊಟ. ಮರದಲ್ಲಿ ಇರುವುದು ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಮೂರು ವಸ್ತುಗಳು. ಸೆಲ್ಯುಲೋಸ್ ನಾರು, ಲಿಗ್ನಿನ್ ಆ ನಾರನ್ನು ಹಿಡಿದಿಡುವ ಗಾರೆ. ಮೈ ಬೆಳೆಯಲು ಬೇಕಾದ ಸಾರಜನಕ ಹಿಪ್ಪುನೇರಳೆಯಂಥ ಎಲೆಯಲ್ಲಿ ಒಣತೂಕದ ನೂರಕ್ಕೆ ಮೂರು ಪಾಲಿನಷ್ಟು ಇದ್ದರೆ, ಕಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಾವಿರಕ್ಕೆ ಒಂದು ಪಾಲೂ ಸಿಗದು. ರೇಷ್ಮೆಹುಳು 25 ದಿನಗಳ ಆಸುಪಾಸಿನಲ್ಲಿ ಹುಟ್ಟಿದ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಕಟ್ಟಿಗೆ ತಿನ್ನುವ ಹುಳುವಿಗೆ ಆ ಭಾಗ್ಯ ಇಲ್ಲ, ನಿಧಾನವಾಗಿ ತಿಂಗಳುಗಟ್ಟಲೆ ಮೆಲ್ಲಬೇಕು. ಅದಕ್ಕೆ ನೆರವಾಗುವುದು ಮತ್ತದೇ ಶಿಲೀಂಧ್ರ. ಮರವೆಲ್ಲ ಹಬ್ಬಿ, ಚೂರುಪಾರು ಸಾರಜನಕವನ್ನು ಬಾಚಿ ತನ್ನ ಎಳೆಗಳಲ್ಲಿ ಕೂಡಿಟ್ಟಿರುತ್ತದೆ. ಕೊಳೆತ ಮರವನ್ನು ತಿನ್ನುವ ಹುಳು ಮರದ ಜೊತೆಗೆ ಆ ಎಳೆಗಳನ್ನೂ ತಿನ್ನುತ್ತದೆ. ಬರಿಯ ಅನ್ನಕ್ಕೆ ಸಾರು ಬಿದ್ದಂತೆ.

ಮನೆಯ ಯಜಮಾನರಿಗೆ ಇಲ್ಲಿ ಮುಖ್ಯವಾದ ಮಾತೊಂದಿದೆ. ಶಿಲೀಂಧ್ರ ಮೆತ್ತಗೆ ಮಾಡದ ಗಟ್ಟಿ ಮರ ಈ ಹುಳುವಿಗೆ ಒಗ್ಗುವುದಿಲ್ಲ. ಹಾಗಾಗಿ ಹಿತ್ತಿಲಿನಲ್ಲಿ ನೆರಳು ಕೊಡುತ್ತಿರುವ ಜೀವಂತ ಓಕ್ ಮರಕ್ಕಾಗಲಿ, ಮನೆಯ ಒಣಗಿದ ಪೈನ್ ಚೌಕಟ್ಟಿಗಾಗಲಿ ಇದರಿಂದ ಅಪಾಯ ಇಲ್ಲ.

ನಮ್ಮ ಕಡೆ ಇಂಥವು ಇಲ್ಲವೇ ಎಂದರೆ, ಖಂಡಿತ ಇವೆ. ಒಣಗಿದ ಎಲೆ, ಸತ್ತ ತೊಗಟೆ, ಕುಂಬು ಮರ ತಿಂದು ಬದುಕುವ ಪುಟ್ಟ ಪತಂಗಗಳ ವಂಶಗಳು ಪಶ್ಚಿಮಘಟ್ಟದಲ್ಲಿ ಧಾರಾಳ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಡಗಿನಲ್ಲಿ ನ್ಯೂಕೋಮ್ ಎಂಬವರು, ಕಾರವಾರದಲ್ಲಿ ಮ್ಯಾಕ್ಸ್‌ವೆಲ್ ಎಂಬವರು ಹಿಡಿದ ಸಣ್ಣ ಸಣ್ಣ ಪತಂಗಗಳು ಇಂಗ್ಲೆಂಡಿಗೆ ಹೋಗಿ, ಎಡ್ವರ್ಡ್ ಮೈರಿಕ್ ಎಂಬ ಶಾಲಾ ಮೇಷ್ಟ್ರ ಮೇಜು ಸೇರುತ್ತಿದ್ದವು. ಮಾರ್ಲ್‌ಬರೋ ಎಂಬಲ್ಲಿ ಪಾಠ ಹೇಳುತ್ತಲೇ ಆತ ತನ್ನ ಜೀವಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟರು. 1938ರಲ್ಲಿ ತೀರಿಕೊಂಡರು, ಅವರ ಸಂಗ್ರಹ ಲಂಡನ್ನಿನ ಮ್ಯೂಸಿಯಂನಲ್ಲಿದೆ. ಕೊಡಗು, ಕಾರವಾರಗಳ ಹೆಸರು ಹೊತ್ತ ಚೀಟಿಗಳು ಅಲ್ಲಿ ಸೂಜಿಯ ಕೆಳಗಿವೆ. ಮೈರಿಕ್ ಅವರ ಬಗ್ಗೆ ನನಗೆ ಗೌರವ ಇದ್ದೇ ಇದೆ. ಆದರೂ ಹೇಳಬೇಕಾದ ಮಾತು: ಆ ವಿವರಣೆಗಳಲ್ಲಿ ಹೆಚ್ಚಿನವು ರೆಕ್ಕೆಯ ಬಣ್ಣ, ಊರು, ತಿಂಗಳು, ಹಿಡಿದವರ ಹೆಸರು, ಇಷ್ಟಕ್ಕೇ ನಿಲ್ಲುತ್ತವೆ. ಹುಳುವಾಗಿದ್ದಾಗ ಅದು ಏನು ತಿಂದಿತ್ತು ಎಂಬುದು ದೀಪಕ್ಕೆ ಬಂದ ಪತಂಗವನ್ನು ಹಿಡಿದರೆ ತಿಳಿಯುವುದಿಲ್ಲ. ಅದಕ್ಕೆ ಯಾರಾದರೂ ಕೊಳೆತ ಕೊರಡೊಂದನ್ನು ಬಿಚ್ಚಿ, ಒಳಗಿನ ಹುಳುವನ್ನು ಡಬ್ಬಿಯಲ್ಲಿಟ್ಟು, ಪತಂಗ ಹೊರಬರುವ ತನಕ ಕಾಯಬೇಕು. ಹೆಸರು ಸಿಕ್ಕಿದ್ದು ಬೇಗ, ಜೀವನಚರಿತ್ರೆ ತಡ.

ಟೆಕ್ಸಾಸಿಗೆ ಹಿಂತಿರುಗೋಣ. ಸತ್ತ ಮರ ಎಂಬುದು ಇಲ್ಲಿ ನಮಗೆ ಪುಸ್ತಕದ ವಿಷಯವಲ್ಲ. 2011ರ ಬರಗಾಲದಲ್ಲಿ ಈ ರಾಜ್ಯದ ಕಾಡುಗಳಲ್ಲಿ ಸತ್ತ ಮರಗಳು 30 ಕೋಟಿ, ಊರುಗಳೊಳಗೆ ಸತ್ತವು 56 ಲಕ್ಷ ಎಂದು ಟೆಕ್ಸಾಸ್ ಎ ಅಂಡ್ ಎಂ ಅರಣ್ಯ ಸೇವೆ ಅಂದಾಜು ಮಾಡಿತ್ತು. ಹ್ಯೂಸ್ಟನ್ನಿನ ಮೆಮೋರಿಯಲ್ ಪಾರ್ಕಿನಲ್ಲಿ ಆಗ ವಾಕಿಂಗ್ ಹೋಗುತ್ತಿದ್ದವರಿಗೆ ಅದನ್ನು ಬೇರೆ ಹೇಳಬೇಕಾಗಿಲ್ಲ. 2021ರ ಫೆಬ್ರುವರಿಯ ಮಹಾ ಚಳಿಯಲ್ಲಿ ಮೂರೂ ಊರುಗಳು ನಡುಗಿದವು. ನಲ್ಲಿ ಪೈಪು ಒಡೆದದ್ದು ಎಲ್ಲರಿಗೂ ನೆನಪಿದೆ, ಮರಗಳು ಪೆಟ್ಟು ತಿಂದದ್ದು ಆಮೇಲೆ ನಿಧಾನವಾಗಿ ಕಂಡಿತು. 2023ರ ಫೆಬ್ರುವರಿಯ ಮೊದಲ ದಿನಗಳಲ್ಲಿ ಆಸ್ಟಿನ್ನಿನ ಓಕ್ ಮರಗಳ ಮೇಲೆ ಮಂಜುಗಡ್ಡೆ ಕಟ್ಟಿ ರಾತ್ರಿಯಿಡೀ ಕೊಂಬೆ ಮುರಿಯುವ ಸದ್ದು ಗುಂಡು ಹಾರಿದಂತೆ ಕೇಳಿತು. 2024ರಲ್ಲಿ ಹ್ಯೂಸ್ಟನ್ನಿಗೆ ಮೇ ತಿಂಗಳ ಬಿರುಗಾಳಿ, ಜುಲೈನಲ್ಲಿ ಬೆರಿಲ್ ಚಂಡಮಾರುತ, ಎರಡು ಏಟು.

ಪ್ರತಿಸಲವೂ ನಾವು ಮಾಡುವುದು ಒಂದೇ. ಕೊಯ್ಯಿಸಿ, ರಸ್ತೆ ಬದಿಗೆ ಒಟ್ಟಿ, ಲಾರಿ ಬಂದು ಒಯ್ಯುವುದನ್ನು ಕಾಯುತ್ತೇವೆ. ಹುಲ್ಲಿನ ಮೇಲೆ ಒಂದು ಕಡ್ಡಿ ಉಳಿದರೂ ನಮ್ಮ ಕೆಲವು ಬಡಾವಣೆಗಳ ಎಚ್‌ಓಏ ಪತ್ರ ಹಾಕುತ್ತದೆ. ಮನೆಯ ಮೇಲೆ, ಕಾರಿನ ಮೇಲೆ, ಮಕ್ಕಳು ಆಡುವಲ್ಲಿ ಬೀಳಬಹುದಾದ ಮರವನ್ನು ತೆಗೆಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲವನ್ನೂ ಗುಡಿಸಿದರೆ ಗುಡಿಸಿಹೋಗುವುದು ಕಸ ಮಾತ್ರ ಅಲ್ಲ. ಫಿನ್ಲೆಂಡಿನಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ: ಅಲ್ಲಿನ ಕಾಡಿನ ಜೀವಜಾತಿಗಳಲ್ಲಿ ನೂರಕ್ಕೆ 20ರಿಂದ 25ರಷ್ಟು ಸತ್ತ ಮರವನ್ನು ಒಂದಲ್ಲ ಒಂದು ರೀತಿ ಆಶ್ರಯಿಸಿವೆ. ಇಲ್ಲಿ ಮರಕುಟಿಗ ನಮ್ಮ ಬೇಲಿಯಾಚೆಯ ಒಣಮರವನ್ನು ಕುಟ್ಟುವುದು ಇಂಥ ಹುಳುಗಳಿಗಾಗಿಯೇ. ಪುಟ್ಟ ಚಿಕಡೀ ಹಕ್ಕಿ ಒಂದು ಸಂಸಾರ ಸಾಕಲು ಆರರಿಂದ ಒಂಬತ್ತು ಸಾವಿರ ಮರಿಹುಳು ಹೊತ್ತು ತರುತ್ತದೆ. ಆಸ್ಟಿನ್ನಿನ ಕಾಂಗ್ರೆಸ್ ಅವೆನ್ಯೂ ಸೇತುವೆಯ ಕೆಳಗಿನಿಂದ ಸಂಜೆ ಏಳುವ ಬಾವಲಿಗಳನ್ನು ನೋಡಲು ಊರಿಂದ ಬಂದ ಅಪ್ಪ–ಅಮ್ಮನನ್ನು ಕರೆದೊಯ್ಯದ ಕನ್ನಡಿಗರಿಲ್ಲ. ಆ ಬಾವಲಿಗಳ ಊಟದ ದೊಡ್ಡ ಪಾಲು ಪತಂಗಗಳೇ.

ನನ್ನ ಸಲಹೆ ಇಷ್ಟೆ: ಜಾಗ ಇದ್ದವರು ಒಂದು ದಿಮ್ಮಿಯನ್ನು ಉಳಿಸಿಕೊಳ್ಳಿ. ಹಿತ್ತಿಲಿನ ಮೂಲೆಯಲ್ಲಿ, ನೆರಳಿನಲ್ಲಿ, ಮಣ್ಣಿಗೆ ತಾಗುವಂತೆ. ತೇವ ಆರಬಾರದು, ಒಣಗಿ ಸೌದೆಯಾದರೆ ಶಿಲೀಂಧ್ರ ಬೆಳೆಯದು. ಟೆಕ್ಸಾಸು ಕೊರಡು ಪತಂಗದ ನೆಲೆಯ ಪಶ್ಚಿಮದ ಅಂಚು. ಹಾಗಾಗಿ ತೇವದ ಹ್ಯೂಸ್ಟನ್ನಿನವರಿಗೆ ಅದು ಒಲಿಯುವ ಸಂಭವ ಹೆಚ್ಚು, ಆಸ್ಟಿನ್ನಿನ ಸುಣ್ಣಕಲ್ಲಿನ ಗುಡ್ಡದವರಿಗೆ ಕಡಿಮೆ, ಡಲ್ಲಾಸಿನವರು ಟ್ರಿನಿಟಿ ನದಿಯ ಕಡೆಯ ಕಾಡಿನಲ್ಲಿ ಹುಡುಕಬಹುದು.

ಗೆದ್ದಲು ಬರುವುದಿಲ್ಲವೇ ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹ್ಯೂಸ್ಟನ್ನಿನಲ್ಲಂತೂ 1960ರ ದಶಕದಿಂದ ಫಾರ್ಮೋಸಾ ಗೆದ್ದಲು ಬೀಡುಬಿಟ್ಟಿದೆ. ಆದ್ದರಿಂದ ದಿಮ್ಮಿ ಮನೆಯ ಗೋಡೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ ಇರಲಿ, ಬೇಲಿಗೂ ಡೆಕ್ಕಿಗೂ ತಾಗದಿರಲಿ. ಅಷ್ಟು ಜಾಗ ಇಲ್ಲದವರು ಈ ಸಾಹಸಕ್ಕೆ ಹೋಗದೆ ಪಾರ್ಕಿಗೆ ಹೋಗುವುದೇ ಒಳ್ಳೆಯದು.

ಇನ್ನೂ ಎರಡು ಎಚ್ಚರಿಕೆಗಳಿವೆ, ಇವು ನಿಜವಾಗಿ ಗಂಭೀರ. ಕೆಂಪು ಓಕ್ ಜಾತಿಯ ಮರ, ಅಂದರೆ ಶೂಮರ್ಡ್, ಸ್ಪ್ಯಾನಿಶ್, ಬ್ಲ್ಯಾಕ್‌ಜಾಕ್, ಓಕ್ ವಿಲ್ಟ್ ರೋಗದಿಂದ ಸತ್ತಿದ್ದರೆ ಅದನ್ನು ಉಳಿಸಿಕೊಳ್ಳಬೇಡಿ. ಅದರ ತೊಗಟೆಯ ಕೆಳಗೆ ರೋಗದ ಶಿಲೀಂಧ್ರ ಚಾಪೆಯಂತೆ ಬೆಳೆಯುತ್ತದೆ. ಅದರ ವಾಸನೆಗೆ ಬಂದ ಸಣ್ಣ ಜೀರುಂಡೆಗಳು ರೋಗವನ್ನು ಪಕ್ಕದ ಮನೆಯ ಮರದ ಹಸಿ ಗಾಯಕ್ಕೆ ಒಯ್ಯುತ್ತವೆ. ಸುಡಿಸಿ, ಹೂಳಿಸಿ ಅಥವಾ ಚೂರು ಮಾಡಿಸಿ. ಫೆಬ್ರುವರಿಯಿಂದ ಜೂನ್ ತನಕ ಓಕ್ ಕೊಂಬೆ ಕಡಿಸಬೇಡಿ ಎಂದು ಇಲ್ಲಿ ಹೇಳುವುದೂ ಇದೇ ಕಾರಣಕ್ಕೆ. ಎರಡನೆಯದು ಆ್ಯಶ್ ಮರ. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆ 2016ರಲ್ಲಿ ಹ್ಯಾರಿಸನ್ ಕೌಂಟಿಯಲ್ಲೂ 2018ರಲ್ಲಿ ಫೋರ್ಟ್‌ವರ್ತ್ ಇರುವ ಟ್ಯಾರಂಟ್ ಕೌಂಟಿಯಲ್ಲೂ ಸಿಕ್ಕಿತು. ಅದು ಜೀವಂತ ಮರವನ್ನೇ ಕೊಲ್ಲುತ್ತದೆ. ಹೊರಬಂದ ತೂತು ಇಂಗ್ಲಿಷಿನ ‘ಡಿ’ ಅಕ್ಷರದಂತೆ ಇರುತ್ತದೆ. ಕ್ಯಾಂಪಿಂಗ್ ಹೋಗುವಾಗ ಮನೆಯ ಸೌದೆಯನ್ನು ಕಾರಿನಲ್ಲಿ ಹೇರಿಕೊಂಡು ಹೋಗುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಸೌದೆಯನ್ನು ಆಯಾ ಜಾಗದಲ್ಲೇ ಕೊಳ್ಳಿ. ಸ್ಟೇಟ್ ಪಾರ್ಕುಗಳಲ್ಲಿ ಬಿದ್ದ ಕಟ್ಟಿಗೆ ಆಯುವಂತೆಯೂ ಇಲ್ಲ. ಅದು ಅಲ್ಲಿನ ಹುಳುಗಳ ಪಾಲು.

ಯಾವ ಹುಳು ಎಂದು ಗುರುತಿಸಲು ಹುಳುವನ್ನೇ ನೋಡಬೇಕೆಂದಿಲ್ಲ, ಹೊರಗೆ ಬಿದ್ದ ಹುಡಿಯನ್ನು ಓದಲು ಕಲಿತರೆ ಸಾಕು. ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲೂ ದಿನವಿಡೀ ‘ಲಾಗ್’ ಓದುವುದೇ ಕೆಲಸ, ಇದೂ ಅದೇ! ಕಟ್ಟಿಗೆಯ ಸಾಮಾನಿನ ಕೆಳಗೆ ಮೈದಾಹಿಟ್ಟಿನಂಥ ನಯವಾದ ಹುಡಿ ಬಿದ್ದಿದ್ದರೆ ಅದು ಊರಿನಲ್ಲಿ ನಾವು ಕುಟ್ಟೆ ಹುಳ ಎನ್ನುತ್ತಿದ್ದ ಜೀರುಂಡೆಯ ಕೆಲಸ. ಮಣ್ಣಿನ ಸಣ್ಣ ಕೊಳವೆ ಗೋಡೆ ಹತ್ತಿದ್ದರೆ ಗೆದ್ದಲು, ತಡಮಾಡದೆ ಫೋನ್ ಮಾಡಿ. ಒರಟು ಹುಡಿಯ ಜೊತೆ ಕೀಟಗಳ ಕಾಲು, ತಲೆಯ ಚೂರುಗಳು ಬೆರೆತಿದ್ದರೆ ಮರ ಕೊರೆಯುವ ಇರುವೆ. ಜೀವಂತ ಓಕ್ ಮರದ ಕಾಂಡದಿಂದ ರಸ ಸೋರಿ ಹುಡಿ ಅಂಟಿಕೊಂಡಿದ್ದರೆ ಕಾರ್ಪೆಂಟರ್‌ವರ್ಮ್ ಇರಬಹುದು. ಅದೂ ಪತಂಗದ ಮರಿಯೇ, ಆದರೆ ದೊಡ್ಡ ಜಾತಿ. ಒಂದರಿಂದ ನಾಲ್ಕು ವರ್ಷ ಹಸಿಮರದೊಳಗೇ ಇದ್ದು ಹಾನಿ ಮಾಡುತ್ತದೆ. ನಮ್ಮ ಕೊರಡು ಪತಂಗದ ಗುರುತು ಬೇರೆ: ನೆಲದ ಮೇಲಿನ ಮೆತ್ತನೆ ದಿಮ್ಮಿಯ ತೂತಿನಿಂದ ಹಿಕ್ಕೆಯ ಕಾಳುಗಳು ರೇಷ್ಮೆಯಂಥ ಎಳೆಯಲ್ಲಿ ಸಡಿಲವಾಗಿ ಹೆಣೆದುಕೊಂಡು ಗೊಂಚಲಾಗಿ ಜೋತಿರುತ್ತವೆ. ಹುಳು ತನ್ನ ಸುರಂಗವನ್ನು ಗುಡಿಸಿ ಹೊರಗೆ ತಳ್ಳಿದ ಕಸ ಅದು. ಮಕ್ಕಳಿಗೆ ಒಮ್ಮೆ ತೋರಿಸಿದರೆ ಮತ್ತೆ ಮರೆಯುವುದಿಲ್ಲ.

ಮರದ ಕೊಳೆತವನ್ನೂ ಓದಬಹುದು. ಬೆಳ್ಳಗೆ, ನಾರುನಾರಾಗಿ ಬಿಟ್ಟುಕೊಂಡರೆ ಅಲ್ಲಿನ ಶಿಲೀಂಧ್ರ ಲಿಗ್ನಿನ್ ಎಂಬ ಗಾರೆಯನ್ನೂ ತಿಂದಿದೆ. ಕಂದಾಗಿ, ಚೌಕ ಚೌಕವಾಗಿ ಒಡೆದು ಬೆರಳಲ್ಲಿ ಪುಡಿಯಾದರೆ ನಾರನ್ನು ತಿಂದು ಗಾರೆಯನ್ನು ಬಿಟ್ಟಿದೆ.

ಪತಂಗವನ್ನೇ ನೋಡುವ ಆಸೆ ಇದ್ದವರಿಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕಾಲ. ಯುಗಾದಿ ಮುಗಿದು ಗಣೇಶನ ಹಬ್ಬ ಬರುವ ತನಕ ಎಂದಿಟ್ಟುಕೊಳ್ಳಿ. ದುಬಾರಿ ಸಲಕರಣೆ ಬೇಡ. ಚಂದ್ರನಿಲ್ಲದ ಸೆಕೆಯ ರಾತ್ರಿ, ಅಜ್ಜ ಬಿಟ್ಟುಹೋದ ಬಿಳಿ ಪಂಚೆಯೊಂದನ್ನು ಹಿತ್ತಿಲಿನಲ್ಲಿ ಹಗ್ಗಕ್ಕೆ ಹರವಿ, ಮುಂದೆ ಒಂದು ದೀಪ ಇಟ್ಟು, ಊಟ ಮುಗಿಸಿ ಬನ್ನಿ. ಟೆಕ್ಸಾಸಿನಲ್ಲಿ ಚಿಟ್ಟೆಯ ಜಾತಿಗಳೇ ನಾನೂರಕ್ಕೂ ಹೆಚ್ಚು, ಪತಂಗಗಳದು ಅದರ ಹಲವು ಪಟ್ಟು. ಆದ್ದರಿಂದ ಬರಿಗೈಯಲ್ಲಿ ಮರಳುವ ಪ್ರಶ್ನೆಯೇ ಇಲ್ಲ. ಫೋಟೋ ತೆಗೆದು ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. 2012ರಲ್ಲಿ ಶುರುವಾದ ಪತಂಗ ಸಪ್ತಾಹ ಜುಲೈ ಕೊನೆಯ ವಾರ ನಡೆಯುತ್ತದೆ. ಊರೂರುಗಳ ನಡುವಿನ ಸಿಟಿ ನೇಚರ್ ಚಾಲೆಂಜ್ ಸ್ಪರ್ಧೆ ಏಪ್ರಿಲ್ ಕೊನೆಗೆ. ಅದಕ್ಕೆ 2017ರಲ್ಲೇ ನಮ್ಮ ಮೂರೂ ಊರುಗಳು ಸೇರಿದವು.

ಹಗಲಿನಲ್ಲಿ ದಿಮ್ಮಿ ನೋಡುವಾಗ ಮಕ್ಕಳು ಬರಿಗೈ ಹಾಕದಂತೆ ನೋಡಿಕೊಳ್ಳಿ. ಕಾಪರ್‌ಹೆಡ್ ಹಾವು, ಚೇಳು, ಬ್ಲ್ಯಾಕ್ ವಿಡೋ ಜೇಡ, ಬೆಂಕಿ ಇರುವೆ, ಎಲ್ಲಕ್ಕೂ ಅದೇ ನೆರಳು ಬೇಕು. ಕೋಲಿನಿಂದ, ದಿಮ್ಮಿ ನಿಮ್ಮ ಕಡೆಗೇ ಉರುಳುವಂತೆ ಎಳೆಯಿರಿ. ಆಗ ಕೆಳಗಿದ್ದದ್ದು ಆಚೆ ಕಡೆಗೆ ಹೋಗುತ್ತದೆ. ಓಕ್ ಎಲೆಯ ಮೇಲೆ ಬೆಕ್ಕಿನ ಮರಿಯ ಬಾಲದಂತೆ ಮುದ್ದಾಗಿ ಕಾಣುವ ಕೂದಲು ತುಂಬಿದ ಹುಳುವನ್ನು ಮಾತ್ರ ಮುಟ್ಟಲೇಬೇಡಿ. ಇಲ್ಲಿನವರು ಅದನ್ನು ಆ್ಯಸ್ಪ್ ಎನ್ನುತ್ತಾರೆ, ನಿಜವಾದ ಕಂಬಳಿಹುಳ ಅದೇ. ಮೈಗೆ ತಾಗಿದರೆ ಅಂಟುಪಟ್ಟಿ ಹಚ್ಚಿ ಕಿತ್ತು ಮುಳ್ಳು ತೆಗೆಯಿರಿ, ಐಸ್ ಇಡಿ. ಉಸಿರಾಟ ಕಷ್ಟವಾದರೆ ನೇರ ಆಸ್ಪತ್ರೆಗೆ. ನೋಡಿಯಾದ ಮೇಲೆ ದಿಮ್ಮಿಯನ್ನು ಇದ್ದ ಮಗ್ಗುಲಿಗೇ, ಇದ್ದ ಗುಳಿಯಲ್ಲೇ ಮಲಗಿಸಿ. ತಲೆಕೆಳಗಾಗಿ ಬಿಟ್ಟರೆ ಕೆಳಗಿನ ತೇವ ಒಂದೇ ಮಧ್ಯಾಹ್ನದಲ್ಲಿ ಆರಿಹೋಗುತ್ತದೆ.